ಪೊಸಡಿಗುಂಪೆಯೋ, ರಾಣಿಪುರವೋ, ಕೊಟ್ಟಂಚೇರಿಯೋ? ಕಾಸರಗೋಡಿನ ಗುಡ್ಡೆ ಹತ್ತುವವರಿಗೆ

ಕಾಸರಗೋಡು ಜಿಲ್ಲೆಯಲ್ಲಿ ಗುಡ್ಡೆಗಳಿಗೆ ಬರಗಾಲವಿಲ್ಲ. ಕಡಲ ಬದಿಯ ಬೈಲು ದಾಟಿದರೆ ಪದವು (ಕೆಂಪುಕಲ್ಲಿನ ಚಪ್ಪಟೆ ದಿಬ್ಬ), ಪದವು ಇಳಿದರೆ ಅಡಿಕೆ ತೋಟ, ತೋಟ ಮುಗಿದಲ್ಲಿ ಮತ್ತೊಂದು ಗುಡ್ಡೆ. ಹೀಗಾಗಿ ಎಲ್ಲಿಗೆ ಹೋಗುವುದೆಂಬ ಚರ್ಚೆ ಶುರುವಾದರೆ ಮೊದಲು ಬರುವ ಪ್ರಶ್ನೆ “ಯಾವುದು ಎತ್ತರ?” ಎಂಬುದು. ಎತ್ತರ ನೋಡಿ ಗುಡ್ಡೆ ಆರಿಸುವವರು ಅರ್ಧ ದಾರಿಯಲ್ಲಿ ವಾಪಸಾಗುವುದೇ ಹೆಚ್ಚು. ಇಲ್ಲಿಯ ನಡಿಗೆಯನ್ನು ನಿರ್ಧರಿಸುವುದು ಕಾಲಡಿಯ ನೆಲ, ನಡೆಯುವ ತಿಂಗಳು ಮತ್ತು ವಾಪಸು ಬರುವ ಬಸ್ಸು. ಸಾವಿರ ಮೀಟರಿನ ರಾಣಿಪುರ ನವೆಂಬರಿನಲ್ಲಿ ಹತ್ತು ವರ್ಷದ ಮಕ್ಕಳಿಗೂ ಆಗುತ್ತದೆ; ಅದರ ಅರ್ಧದಷ್ಟೂ ಇಲ್ಲದ ಪೊಸಡಿಗುಂಪೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಪಳಗಿದವರನ್ನೂ ಜಾರಿಸುತ್ತದೆ.

ಇಲ್ಲಿ ಹೋಲಿಸಿರುವುದು ಮುಖ್ಯವಾಗಿ ಮೂರು ಜಾಗಗಳನ್ನು: ಮಂಜೇಶ್ವರ ಕಡೆಯ ಪೊಸಡಿಗುಂಪೆ, ಪನತ್ತಡಿ ಪಂಚಾಯತಿನ ರಾಣಿಪುರಂ, ಕೊನ್ನಕ್ಕಾಡಿನ ಮೇಲಿನ ಕೊಟ್ಟಂಚೇರಿ. ಇಡೀ ದಿನ ಬಿಡುವಿಲ್ಲದವರಿಗೆ ನಾಲ್ಕನೆಯದಾಗಿ ಅನಂತಪುರದ ಪದವು. ಬಸ್ಸು, ರೈಲಿನಲ್ಲಿ ಹೋಗಿ ಅದೇ ದಿನ ಮನೆ ಸೇರಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸ್ವಂತ ವಾಹನ ಇದ್ದವರಿಗೆ ಒಂದೆರಡು ಗಂಟೆ ಉಳಿಯುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ನೆಲ

ಕಾಸರಗೋಡಿನ ನಡುಭಾಗವೆಲ್ಲ ಮುರಕಲ್ಲು, ಅಂದರೆ ಕೆಂಪುಕಲ್ಲು. ಮನೆ ಕಟ್ಟುವ ಕಲ್ಲೇ. ನೆಲದೊಳಗಿರುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಬುಕಾನನ್ 1807ರಲ್ಲಿ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದೂ ಮಲಬಾರಿನ ನೆಲ ನೋಡಿಯೇ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದು ಅರ್ಥ. ನಡೆಯುವವನಿಗೆ ಈ ಕಲ್ಲಿನ ಎರಡು ಗುಣ ಗೊತ್ತಿದ್ದರೆ ಸಾಕು. ಒಂದು, ಒಣಗಿದ್ದಾಗ ಇದರಷ್ಟು ಹಿಡಿತ ಕೊಡುವ ನೆಲ ಬೇರೆ ಇಲ್ಲ. ಮೇಲ್ಮೈ ತುಂಬ ತೂತು, ಚಪ್ಪಲಿಯ ರಬ್ಬರು ಕಚ್ಚಿಕೊಳ್ಳುತ್ತದೆ. ಎರಡು, ಮಳೆ ಹಿಡಿದು ಹದಿನೈದು ದಿನವಾಯಿತೆಂದರೆ ಅದೇ ತೂತುಗಳ ಮೇಲೆ ಪಾಚಿ ಕಟ್ಟುತ್ತದೆ. ಕಪ್ಪು ಬಣ್ಣಕ್ಕೆ ತಿರುಗಿದ, ನೀರು ತೆಳ್ಳಗೆ ಹರಿಯುವ ಇಳಿಜಾರಿನ ಕಲ್ಲು ಎಲ್ಲಕ್ಕಿಂತ ಅಪಾಯಕಾರಿ. ಹಸಿರಾಗಿ ಕಾಣುವುದು ಎಷ್ಟೋ ವಾಸಿ, ಅದು ಹುಲ್ಲಿರಬಹುದು. ಕಪ್ಪು ಮಾತ್ರ ಒಣಗಿದಂತೆ ಕಂಡೂ ಜಾರುತ್ತದೆ. ಅಂಥಲ್ಲಿ ಕಲ್ಲು ಬಿಟ್ಟು ಬದಿಯ ಮುಳಿಹುಲ್ಲಿನ ಬುಡ ಮೆಟ್ಟಿ ನಡೆಯಬೇಕು. ಬಿದ್ದರೆ ಮೊಣಕಾಲು, ಅಂಗೈ ಎರಡೂ ಕೆತ್ತಿಹೋಗುತ್ತವೆ, ಏಕೆಂದರೆ ತೂತಿನ ಅಂಚು ಗರಗಸದ ಹಾಗಿರುತ್ತದೆ.

ಪೂರ್ವಕ್ಕೆ, ಘಟ್ಟದ ಬುಡಕ್ಕೆ ಬಂದರೆ ನೆಲ ಬದಲಾಗುತ್ತದೆ. ಅಲ್ಲಿ ತರಗೆಲೆ ಕೊಳೆತ ಕರಿಮಣ್ಣು, ಅದರಡಿ ಜಿಗುಟು ಕೆಂಪುಮಣ್ಣು, ಬೇರು, ಮೇಲೆ ಹುಲ್ಲು. ಏರುವಾಗ ಕಷ್ಟವಿಲ್ಲ, ಇಳಿಯುವಾಗ ಗೊತ್ತಾಗುತ್ತದೆ. ನೂರು ಜನ ಮೆಟ್ಟಿ ನುಣುಪಾದ ಒದ್ದೆ ಮಣ್ಣಿನ ಮೇಲೆ ಹಿಮ್ಮಡಿ ನಿಲ್ಲುವುದಿಲ್ಲ.

ಆದ್ದರಿಂದ ಪದವಿಗೊಂದು ಪಾದರಕ್ಷೆ, ಕಾಡಿಗೊಂದು. ಪದವಿಗೆ ಮೆತ್ತನೆಯ ರಬ್ಬರು ಅಡಿಯ ಶೂ ಒಳ್ಳೆಯದು. ಕಾಡಿಗೆ ಅಡಿಯಲ್ಲಿ ಆಳವಾದ ಹಲ್ಲುಗಳಿರುವುದು ಬೇಕು. ಬೆಲೆ ನೋಡಬೇಡಿ, ಸಣ್ಣ ಊರಿನ ಅಂಗಡಿಯಲ್ಲಿ ಸಿಗುವ, ಶಾಲೆ ಮಕ್ಕಳು ಆಟಕ್ಕೆ ಹಾಕುವ ಗುಬುಟಿನ ಫುಟ್‌ಬಾಲ್ ಶೂ ಒದ್ದೆ ಮಣ್ಣಿನಲ್ಲಿ ದುಬಾರಿ ಬೂಟಿಗಿಂತ ಚೆನ್ನಾಗಿ ನಿಲ್ಲುತ್ತದೆ. ಅದನ್ನೇ ಮುರಕಲ್ಲಿನ ಮೇಲೆ ಹಾಕಿದರೆ ಐಸಿನ ಮೇಲೆ ನಡೆದಂತೆ. ನಡಿಗೆಗೆ, ಓಟಕ್ಕೆ ಎಂದು ಮಾರುವ ತೆಳು ಅಡಿಯ ಬಿಳಿ ಶೂಗಳು ಎರಡಕ್ಕೂ ಆಗುವುದಿಲ್ಲ.

ಪೊಸಡಿಗುಂಪೆ: ಮೊದಲ ಸಲಕ್ಕೆ ಇದೇ

ಗುಂಪೆ ಎಂದರೆ ಗುಡ್ಡೆಯೇ. ಸಮುದ್ರಮಟ್ಟದಿಂದ ಸಾವಿರ ಅಡಿಗೆ ತುಸು ಮೇಲೆ. ಕೇಳಲು ಕಡಿಮೆ, ಆದರೆ ಸುತ್ತ ಇದಕ್ಕಿಂತ ಎತ್ತರದ್ದು ಯಾವುದೂ ಅಡ್ಡ ನಿಂತಿಲ್ಲ. ಮೇಲೆ ನಿಂತರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ವಾಯವ್ಯಕ್ಕೆ ಮಂಗಳೂರು, ಗಾಳಿ ತೊಳೆದ ದಿನ ಈಶಾನ್ಯದಲ್ಲಿ ಕುದುರೆಮುಖದ ಸಾಲು. ಗಾಳಿ ತೊಳೆದ ದಿನ ಎಂದರೆ ಮಳೆ ಸುರಿದು ಬಿಟ್ಟ ಮರುದಿನ ಬೆಳಗ್ಗೆ. ಜನವರಿಯಿಂದ ಮುಂದೆ ಧೂಳು, ಸುಟ್ಟ ಗುಡ್ಡೆಯ ಹೊಗೆ ಸೇರಿ ದೂರದ ಬೆಟ್ಟ ಮಸುಕು. ಕಡಲು ಕೂಡ ಬಿಳಿ ಪಟ್ಟಿಯ ಹಾಗೆ ಕಾಣುವುದೇ ಹೊರತು ನೀರೆಂದು ಗೊತ್ತಾಗುವುದಿಲ್ಲ.

ರಾಷ್ಟ್ರೀಯ ಹೆದ್ದಾರಿಯ ಬಂದ್ಯೋಡಿನಲ್ಲಿ ಇಳಿದು ಪೆರ್ಮುದೆ ಮಾರ್ಗವಾಗಿ ಧರ್ಮತ್ತಡ್ಕ. ಉಪ್ಪಳದಿಂದ ಬಾಯಾರು ಕಡೆಗೆ ಹೋಗುವ ದಾರಿಯಿಂದಲೂ ತಲುಪಬಹುದು. ವಾಹನ ಗುಡ್ಡೆಯ ಹತ್ತಿರದವರೆಗೂ ಹೋಗುವುದರಿಂದ ಅನೇಕರು ಕೊನೆಯ ಏರು ಮಾತ್ರ ನಡೆದು “ಇಷ್ಟೇನಾ?” ಎನ್ನುತ್ತಾರೆ. ತಪ್ಪು ಗುಡ್ಡೆಯದ್ದಲ್ಲ. ಧರ್ಮತ್ತಡ್ಕದಲ್ಲೇ ಇಳಿದು ನಡೆದರೆ ಗೇರುತೋಟ, ರಬ್ಬರು, ಆಮೇಲೆ ಬಯಲು ಪದವು, ಕೊನೆಗೆ ಹುಲ್ಲಿನ ಏರು. ಹೋಗಿ ಬಂದು, ಮೇಲೆ ಕೂತು ಅವಲಕ್ಕಿ ತಿನ್ನುವ ಹೊತ್ತೂ ಸೇರಿ ಅರ್ಧ ದಿನಕ್ಕೆ ಸರಿಹೋಗುತ್ತದೆ.

ಇಲ್ಲಿಯ ದೊಡ್ಡ ಅನುಕೂಲ ಭಾಷೆ. ಕನ್ನಡ, ತುಳು ಎರಡೂ ನಡೆಯುತ್ತವೆ. ದಾರಿ ತಪ್ಪಿದರೆ ಮೊದಲ ಮನೆಯ ಅಂಗಳದಲ್ಲಿ ನಿಂತು “ಗುಂಪೆಗೆ ಹೋಗುವ ದಾರಿ ಯಾವುದಕ್ಕಾ?” ಎಂದು ಕೇಳಿದರೆ ದಾರಿಯೂ ಸಿಗುತ್ತದೆ, ಕುಡಿಯಲು ನೀರೂ ಸಿಗುತ್ತದೆ. ಅದೇ ಕಾರಣಕ್ಕೆ ಒಂದು ಮಾತು: ಏರುವ ದಾರಿಯಲ್ಲಿ ಬರುವ ತೋಟಗಳು ಯಾರದ್ದೋ ಬದುಕು. ಮಾರ್ಚ್‌-ಏಪ್ರಿಲಿನಲ್ಲಿ ಗೇರುಬೀಜ ಬೀಳುವ ಹೊತ್ತಿಗೆ ತೋಟದೊಳಗೆ ಅಪರಿಚಿತರು ಅಡ್ಡಾಡುವುದು ಯಾರಿಗೂ ಇಷ್ಟವಾಗುವುದಿಲ್ಲ. ತೋಟದ ಬೇಲಿಯ ತಡಮೆ ದಾಟಿದರೆ ಮೊದಲಿದ್ದ ಹಾಗೇ ಮುಚ್ಚಿ. ತೆರೆದು ಬಿಟ್ಟರೆ ದನ ನುಗ್ಗುತ್ತದೆ.

ಪೊಸಡಿಗುಂಪೆಗೆ ಆಗುವ ತಿಂಗಳು ಸೆಪ್ಟೆಂಬರಿನ ಉತ್ತರಾರ್ಧದಿಂದ ಡಿಸೆಂಬರ್ ಕೊನೆವರೆಗೆ. ಮಳೆ ಇಳಿದ ಸೋಣ ತಿಂಗಳ ಕೊನೆಗೆ (ಸೆಪ್ಟೆಂಬರ್ ನಡುವೆ) ಪದವಿನ ತಗ್ಗುಗಳಲ್ಲಿ ನೀರು ನಿಂತು, ಮಲಯಾಳದವರು ಓಣಂ ಪೂಕಳಕ್ಕೆ (ಹೂವಿನ ರಂಗೋಲಿಗೆ) ಕೊಯ್ಯುವ ಕಾಕ್ಕಪ್ಪೂವು ನೆಲ ಕಾಣದಷ್ಟು ನೀಲಿಯಾಗಿ ಹರಡುತ್ತದೆ. ಬೆರಳುಗುರಿನಷ್ಟು ಹೂ. ಕೀಟ ಹಿಡಿದು ತಿನ್ನುವ ಜಾತಿ, ಬೇರಿನಂಥ ಎಳೆಗಳಲ್ಲಿ ಸಣ್ಣ ಚೀಲಗಳಿರುತ್ತವೆ. ಗೊಬ್ಬರವಿಲ್ಲದ ಕಲ್ಲಿನ ಮೇಲೆ ಬದುಕಲು ಅದು ಕಂಡುಕೊಂಡ ಉಪಾಯ. ಅದನ್ನು ನೋಡಲೆಂದೇ ಹೋಗುವುದಾದರೆ ಮಧ್ಯಾಹ್ನದೊಳಗೆ ಹೋಗಿ, ಮತ್ತು ಮೆಟ್ಟಬೇಡಿ.

ಕೆಡುವುದೆಲ್ಲಿ? ಮೂರು ಕಡೆ. ಮೊದಲನೆಯದು ಕಲ್ಲಿನ ಕೋರೆ. ಈ ಭಾಗದ ಪದವುಗಳಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಗುಂಡಿಗಳು ಬೇಕಾದಷ್ಟಿವೆ. ಗೋಡೆ ನೆಟ್ಟಗೆ ಕೆಳಗಿಳಿದಿರುತ್ತದೆ, ಮಳೆಗಾಲದಲ್ಲಿ ನೀರು ತುಂಬಿರುತ್ತದೆ, ಅಂಚಿನ ಮೇಲೆ ಮುಳಿಹುಲ್ಲು ಸೊಂಟದೆತ್ತರ ಬೆಳೆದು ಮುಚ್ಚಿರುತ್ತದೆ. ಹುಲ್ಲಿನಲ್ಲಿ ಅಡ್ಡದಾರಿ ಹಿಡಿಯದಿರುವುದು, ಹಿಡಿಯಲೇಬೇಕಾದರೆ ಕೋಲಿನಿಂದ ಮುಂದೆ ಕುಟ್ಟಿ ನೋಡುವುದು, ಬೇರೆ ದಾರಿಯಿಲ್ಲ. ನೀರು ತುಂಬಿದ ಕೋರೆಗೆ ಈಜಲು ಇಳಿಯುವುದಂತೂ ಬೇಡವೇ ಬೇಡ: ಇಳಿಯಲು ಮೆಟ್ಟಿಲಿರಬಹುದು, ಹತ್ತಲು ಹಿಡಿತವಿರುವುದಿಲ್ಲ, ಬದಿ ಪೂರ್ತಿ ಪಾಚಿ.

ಎರಡನೆಯದು ಸಿಡಿಲು. ಏಪ್ರಿಲ್‌-ಮೇ ತಿಂಗಳ ಮಳೆಯಲ್ಲೂ ಅಕ್ಟೋಬರಿನ ಹಿಂಗಾರಿನಲ್ಲೂ ಮಧ್ಯಾಹ್ನ ಎರಡು ಕಳೆದ ಮೇಲೆ ಪೂರ್ವದಲ್ಲಿ ಮೋಡ ಕಟ್ಟುತ್ತದೆ. ಮರವಿಲ್ಲದ ಬಯಲಿನಲ್ಲಿ ಅತಿ ಎತ್ತರದ ವಸ್ತು ನೀವೇ. ಮಿಂಚು ಕಂಡು ಗುಡುಗು ಕೇಳುವ ತನಕ ಎಣಿಸಿ: ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತು ಸೆಕೆಂಡಿನೊಳಗೆ ಗುಡುಗು ಬಂದರೆ ತುದಿಯಲ್ಲಿರಬಾರದು. ಒಂಟಿ ಮರದಡಿ ನಿಲ್ಲುವುದು ಬಯಲಲ್ಲಿ ನಿಲ್ಲುವುದಕ್ಕಿಂತ ಕೆಟ್ಟದ್ದು. ಇಳಿಯಲು ಹೊತ್ತಿಲ್ಲದಿದ್ದರೆ ತಗ್ಗಿನಲ್ಲಿ, ಒಬ್ಬರಿಂದೊಬ್ಬರು ದೂರ ದೂರ, ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ, ಮಲಗಬೇಡಿ. ಈ ಎರಡು ಕಾಲದಲ್ಲಿ ಬೆಳಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ಇಳಿದುಬಿಟ್ಟರೆ ಈ ಪ್ರಮೇಯವೇ ಬರುವುದಿಲ್ಲ.

ಮೂರನೆಯದು ಬಿಸಿಲು. ಫೆಬ್ರವರಿಯ ನಂತರ ಹತ್ತು ಗಂಟೆಗೆಲ್ಲ ಮುರಕಲ್ಲು ಕಾದಿರುತ್ತದೆ, ನೆರಳಿಲ್ಲ, ನೀರಿಲ್ಲ. ಆ ಕಾಲದಲ್ಲಿ ಸಂಜೆ ನಾಲ್ಕರ ಮೇಲೆ ಏರಿ ಸೂರ್ಯಾಸ್ತ ನೋಡಿ ಇಳಿಯುವುದು ರೂಢಿ. ಟಾರ್ಚು ಬೇಕು, ಮೊಬೈಲಿನ ಬೆಳಕು ನೆಲದ ತಗ್ಗನ್ನು ಚಪ್ಪಟೆಯಾಗಿ ತೋರಿಸುತ್ತದೆ, ಕಾಲು ಹೊರಳುವುದು ಆಗಲೇ.

ರಾಣಿಪುರಂ: ಕಾಡು ಬೇಕೆಂದರೆ

ಹಳೆಯ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಕ್ಯಾಥೊಲಿಕ್ ಧರ್ಮಪ್ರಾಂತ ಇಲ್ಲಿ ಜಾಗ ಕೊಂಡು ಜನರನ್ನು ನೆಲೆಗೊಳಿಸಿದ ಮೇಲೆ ರಾಣಿಪುರಂ ಆಯಿತು. ರಾಣಿ ಎಂದರೆ ಮೇರಿ ಮಾತೆ. ಕಾಞಂಗಾಡಿನಿಂದ 48 ಕಿಲೋಮೀಟರ್. ಪನತ್ತೂರಿಗೆ ಹೋಗುವ ಬಸ್ಸು ಹತ್ತಿ ಒಡಯಂಚಾಲ್, ರಾಜಪುರಂ, ಮಾಲಕಲ್ಲು, ಕೋಳಿಚಾಲ್ ದಾಟಿ ಪನತ್ತಡಿಯಲ್ಲಿ ಇಳಿದರೆ ಅಲ್ಲಿಂದ ಜೀಪು ಅಥವಾ ರಿಕ್ಷಾ. ಬಸ್ಸಿನ ಫಲಕ ಮಲಯಾಳದಲ್ಲಿರುತ್ತದೆ. ಓದಲು ಬಾರದಿದ್ದರೆ ಕಂಡಕ್ಟರನ್ನು “ಪನತ್ತಡಿ ಪೋವುಮೋ?” ಎಂದು ಕೇಳಿದರೆ ಸಾಕು. ಪನತ್ತಡಿ, ಪನತ್ತೂರು ಎರಡು ಬೇರೆ ಜಾಗ. ನಿದ್ದೆ ಬಂದು ಪನತ್ತೂರು ತಲುಪಿದವರು ವಾಪಸು ಬಸ್ಸಿಗೆ ಕಾಯಬೇಕಾಗುತ್ತದೆ.

ರಸ್ತೆ ಮುಗಿಯುವ ಜಾಗ ಸುಮಾರು 750 ಮೀಟರ್ ಎತ್ತರದಲ್ಲಿದೆ, ತುದಿ ಸಾವಿರ ಮೀಟರ್ ಹತ್ತಿರ. ಅಂದರೆ ಏರಬೇಕಾದ್ದು ಇನ್ನೂರೈವತ್ತರಿಂದ ಮುನ್ನೂರು ಮೀಟರ್, ನಡೆಯಬೇಕಾದ್ದು ಒಂದು ಕಡೆಗೆ ಎರಡು-ಎರಡೂವರೆ ಕಿಲೋಮೀಟರ್. ಸಮಯ ಲೆಕ್ಕ ಹಾಕುವ ಸುಲಭದ ವಿಧಾನ ಹೀಗೆ: ಗಂಟೆಗೆ ನಾಲ್ಕು ಕಿಲೋಮೀಟರ್ ಎಂದು ಹಿಡಿಯಿರಿ, ಪ್ರತಿ ನೂರು ಮೀಟರ್ ಏರಿಗೆ ಹತ್ತು ನಿಮಿಷ ಸೇರಿಸಿ. ರಾಣಿಪುರಕ್ಕೆ ಒಂದು ಗಂಟೆ ಹತ್ತು ನಿಮಿಷ ಆಯಿತು. ಮಕ್ಕಳಿದ್ದರೆ, ನೆಲ ಒದ್ದೆಯಿದ್ದರೆ ಅದರ ಅರ್ಧ ಮತ್ತೆ ಸೇರಿಸಿ. ಇಳಿಯಲು ಕಡಿಮೆ ಹೊತ್ತು ಸಾಕೆಂದು ಎಣಿಸಬೇಡಿ. ಒದ್ದೆಯಲ್ಲಿ ಏರಿದಷ್ಟೇ ಹೊತ್ತು ಇಳಿಯಲೂ ಬೇಕು.

ದಾರಿಯ ಸೊಗಸು ಅದರ ಬದಲಾವಣೆಯಲ್ಲಿದೆ. ಮೊದಲು ದಟ್ಟ ಕಾಡು, ತಲೆಯ ಮೇಲೆ ಆಕಾಶ ಕಾಣದು. ಏರುತ್ತ ಏರುತ್ತ ಒಂದು ತಿರುವಿನಲ್ಲಿ ಕಾಡು ಥಟ್ಟನೆ ನಿಂತು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಹಳ್ಳಗಳ ಮಡಿಲಲ್ಲಿ ಮಾತ್ರ ಶೋಲಾ ಕಾಡಿನ ಕಪ್ಪು ಹಸಿರು, ಉಳಿದ ದಿಣ್ಣೆಗಳೆಲ್ಲ ಹುಲ್ಲು. ಗಾಳಿಗೆ ಮೈಯೊಡ್ಡುವ ಏಣಿನಲ್ಲಿ (ಗುಡ್ಡೆಯ ನೆತ್ತಿಯ ಅಂಚಿನಲ್ಲಿ) ಮಣ್ಣು ತೆಳು, ಅಲ್ಲಿ ಹುಲ್ಲು. ನೀರೂ ಮಣ್ಣೂ ಇಳಿದು ಸೇರುವ ಮಡಿಲಿನಲ್ಲಿ ಮರ. ಈ ಜೋಡಿ ನೋಡಲು ನಮ್ಮವರು ಕುದುರೆಮುಖಕ್ಕೆ ಹೋಗುತ್ತಾರೆ. ಅದಕ್ಕಿಂತ ಕಡಿಮೆ ಶ್ರಮದಲ್ಲಿ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕೊನೆಯ ಏರು ಕಡಿದಾಗಿದೆ, ಮಳೆ ಬಂದರೆ ಜಾರುವುದು ಅಲ್ಲೇ. ಇಳಿಯುವಾಗ ನೇರ ಕೆಳಮುಖ ಪಾದ ಇಡದೆ ಅಡ್ಡಪಾದ ಇಡಿ, ಮೊಣಕಾಲು ತುಸು ಮಡಚಿ, ಕೋಲನ್ನು ಕೆಳಗಿನ ಬದಿಗೆ ಊರಿ. ಬದಿಯ ಹುಲ್ಲು ಹಿಡಿದು ಇಳಿಯುವ ಅಭ್ಯಾಸ ಬೇಡ, ಅಂಗೈ ಸೀಳುತ್ತದೆ.

ಬುಡದಲ್ಲಿ ಅರಣ್ಯ ಇಲಾಖೆಯ ಟಿಕೇಟು ಕೌಂಟರ್ ಇದೆ. ಒಳಬಿಡುವ ಹೊತ್ತು ಮಧ್ಯಾಹ್ನದ ನಂತರ ಮುಗಿಯುವುದರಿಂದ ಬೆಳಗ್ಗೆ ಒಂಬತ್ತೂವರೆ ಹತ್ತರೊಳಗೆ ಅಲ್ಲಿರುವಂತೆ ಹೊರಡಿ. ಕಾಸರಗೋಡಿನವರು ಬೆಳಗ್ಗಿನ ರೈಲಿಗೆ ಕಾಞಂಗಾಡು ತಲುಪಿ ಏಳರ ಸುಮಾರಿಗೆ ಪನತ್ತೂರು ಬಸ್ಸು ಹಿಡಿದರೆ ಇದು ಸಾಧ್ಯ. ಹನ್ನೊಂದೂವರೆಗೆ ತುದಿ, ಎರಡರೊಳಗೆ ಬುಡ, ಕತ್ತಲೆಗೆ ಮುಂಚೆ ಮನೆ. ನವೆಂಬರ್ ಕೊನೆಯಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತದೆ. ಕಾಡಿನೊಳಗೆ ಐದಕ್ಕೇ ಕತ್ತಲೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ ತೆಗೆದುಕೊಂಡು ಹೋಗುವ ಹಾಗಿಲ್ಲ, ಸ್ಟೀಲಿನ ಬಾಟಲಿಯಲ್ಲಿ ನೀರು ಇರಲಿ. ಒಬ್ಬರಿಗೆ ಎರಡು ಲೀಟರ್. ಅರ್ಧ ಲೀಟರಿಗೆ ಪುನರ್ಪುಳಿ ಸಿಪ್ಪೆ, ಬೆಲ್ಲ, ಒಂದು ಚಿಟಿಕೆ ಉಪ್ಪು ಹಾಕಿದರೆ ಅಂಗಡಿಯ ಪುಡಿಗಳ ಗೊಡವೆಯಿಲ್ಲ.

ಇನ್ನು ಉಂಬಳ, ಅಂದರೆ ಕಾಡಿನ ಜಿಗಣೆ. ರಾಣಿಪುರ ಎಂದಾಕ್ಷಣ ಜನ ಕೇಳುವುದೇ ಅದನ್ನು. ಮಳೆಗಾಲದಲ್ಲಿ, ಮಳೆ ನಿಂತ ಮೇಲೂ ನವೆಂಬರ್ ತನಕ ಕಾಡಿನ ಭಾಗದಲ್ಲಿ ಇವೆ. ಹುಲ್ಲುಗಾವಲಿನಲ್ಲಿ ಬಿಸಿಲು ಬಿದ್ದರೆ ಇಲ್ಲ. ತರಗೆಲೆಯ ಮೇಲೆ ದಾರದ ತುಂಡಿನಂತೆ ಎದ್ದು ನಿಂತು, ಮೈ ಬಿಸಿ ಮತ್ತು ಉಸಿರು ಗುರುತಿಸಿ ಶೂ ಹತ್ತುತ್ತದೆ. ಲೇಸಿನ ತೂತು ಅದಕ್ಕೆ ಹೆಬ್ಬಾಗಿಲು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಕಾಲುಚೀಲದ ಮೇಲೆ ಹೊಗೆಸೊಪ್ಪು ನೆನೆಸಿದ ತೆಂಗಿನೆಣ್ಣೆ ಅಥವಾ ಎಲೆಯಡಿಕೆಯ ಸುಣ್ಣ ಸವರಿ. ಸುಣ್ಣವನ್ನು ಚರ್ಮಕ್ಕೆ ಹಚ್ಚಬೇಡಿ, ಸುಡುತ್ತದೆ. ಮಳೆ ಬಂದರೆ ಎರಡೂ ತೊಳೆದುಹೋಗುತ್ತವೆ, ಅರ್ಧ ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಟ್ಟೆಯ ತುಂಡಿನಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಬಿಗಿದರೆ ಶೂ ಮೇಲೆ ಹತ್ತಿದ್ದನ್ನು ಮುಟ್ಟಿ ಬೀಳಿಸಬಹುದು.

ಕಚ್ಚಿಕೊಂಡಿದ್ದರೆ ಗಾಬರಿಯಾಗಿ ಎಳೆಯಬೇಡಿ, ಬಾಯಿಯ ಭಾಗ ಕಿತ್ತು ಗಾಯ ದೊಡ್ಡದಾಗುತ್ತದೆ. ಸಪೂರ ತುದಿ ಇರುವ ಬದಿ ಬಾಯಿ. ಅದರ ಪಕ್ಕದ ಚರ್ಮವನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯ ಉಗುರನ್ನು ಬಾಯಿಯಡಿ ಅಡ್ಡ ಸರಿಸಿ ಬಿಡಿಸಿ; ತಕ್ಷಣ ಇನ್ನೊಂದು ತುದಿಯನ್ನೂ ಬಿಡಿಸಿ ಎಸೆಯಿರಿ, ಇಲ್ಲವಾದರೆ ಬೆರಳಿಗೇ ಹತ್ತುತ್ತದೆ. ರಕ್ತ ಬೇಗ ನಿಲ್ಲುವುದಿಲ್ಲ, ಏಕೆಂದರೆ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಒಳಗೆ ಬಿಟ್ಟಿರುತ್ತದೆ. ತೊಳೆದು, ಬಟ್ಟೆಯೊತ್ತಿ ಕಟ್ಟಿದರೆ ಆಯಿತು. ತುರಿಕೆ ನಾಲ್ಕು ದಿನ ಇರುತ್ತದೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಈ ಕಾಲದಲ್ಲಿ ರಾಣಿಪುರ ಬಿಟ್ಟು ಪೊಸಡಿಗುಂಪೆ ಆರಿಸಿಕೊಳ್ಳುವುದು ಒಳ್ಳೆಯದು. ಡಿಸೆಂಬರ್ ನಂತರ ಉಂಬಳ ಹೋಗಿ ಒಣಹುಲ್ಲಿನಲ್ಲಿ ಉಣುಗು ಬರುತ್ತದೆ. ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಬಿಸಿನೀರು ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಹಿಂದೆ ನೋಡಿಕೊಳ್ಳಿ.

ಆನೆ ಇದೆ. ರಾಣಿಪುರದ ಕಾಡು ಏಣಿನ ಆಚೆ ಕೊಡಗಿನ ತಲಕಾವೇರಿ ವನ್ಯಜೀವಿಧಾಮಕ್ಕೆ ಸೇರಿಕೊಂಡಿದೆ, ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಹಸಿ ಲದ್ದಿ, ಸೀಳಿ ತಿಂದ ಬೈನೆಮರ, ಆಗಷ್ಟೇ ಮುರಿದ ಬಿದಿರು ಕಂಡರೆ ಮುಂದೆ ಹೋಗದೆ ವಾಪಸಾಗಿ. ನಡೆಯಬೇಕಾದ್ದು ಗುರುತಿಸಿದ ದಾರಿಯಲ್ಲಿ ಮಾತ್ರ. ನಿಮ್ಮ ಗಡಿಯೂ ಅದೇ: ಏಣು ದಾಟಿ ಆಚೆ ಇಳಿದರೆ ಅನುಮತಿಯಿಲ್ಲದೆ ವನ್ಯಜೀವಿಧಾಮ ಪ್ರವೇಶಿಸಿದ ಹಾಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. “ಇಲ್ಲಿಂದ ತಲಕಾವೇರಿಗೆ ಹಳೇ ದಾರಿಯಿದೆ” ಎಂದು ಯಾರಾದರೂ ಹುರಿದುಂಬಿಸಿದರೆ, ದಾರಿ ಇದ್ದಿರಬಹುದು, ನಿಮಗಲ್ಲ. ತಲಕಾವೇರಿ ನೋಡಬೇಕಿದ್ದರೆ ಪನತ್ತೂರು-ಕರಿಕೆ-ಭಾಗಮಂಡಲ ರಸ್ತೆಯಿದೆ. ಮಳೆಗಾಲದಲ್ಲಿ ಗುಡ್ಡೆ ಜರಿಯುವ ರಸ್ತೆ ಅದು, ಹೊರಡುವ ಮೊದಲು ಕರಿಕೆ ಕಡೆಯ ಯಾರನ್ನಾದರೂ ವಿಚಾರಿಸಿ.

ಕೊಟ್ಟಂಚೇರಿ: ಗೊತ್ತಿದ್ದವರೊಂದಿಗೆ ಮಾತ್ರ

ಕಾಞಂಗಾಡಿನಿಂದ ಪರಪ್ಪ, ವೆಳ್ಳರಿಕುಂಡು, ಮಾಲೋಂ ದಾಟಿ ಕೊನ್ನಕ್ಕಾಡು. ಬಸ್ಸು ಅಲ್ಲಿಗೆ. ಅಲ್ಲಿಂದ ಮೇಲೆ ಜೀಪು, ಅಥವಾ ನಡಿಗೆ. ಬ್ರಹ್ಮಗಿರಿ ಸಾಲಿನ ಈ ತುದಿಯಲ್ಲಿ ರಾಣಿಪುರದಷ್ಟು ಜನವಿಲ್ಲ, ಟಿಕೇಟಿನ ಸಾಲಿಲ್ಲ, ಹುಲ್ಲಿನ ಗುಡ್ಡೆಗಳು ಒಂದರ ಹಿಂದೊಂದು ಉರುಳಿಕೊಂಡು ಹೋಗಿವೆ. ನೋಡಲು ಮೂರರಲ್ಲಿ ಇದೇ ಚೆಲುವು ಎನ್ನುವವರಿದ್ದಾರೆ, ನಾವೂ ಅಲ್ಲಗಳೆಯುವುದಿಲ್ಲ.

ಆದರೆ ಆರಿಸುವವರಿಗೆ ಎರಡು ತೊಡಕು. ಗುರುತು ಹಾಕಿದ ಒಂದೇ ದಾರಿ ಇಲ್ಲಿಲ್ಲ. ಎಸ್ಟೇಟಿನ ಜೀಪುದಾರಿ, ದನದ ದಾರಿ, ಆನೆದಾರಿ ಒಂದಕ್ಕೊಂದು ಹೆಣೆದುಕೊಂಡಿವೆ. ಮಂಜು ಕವಿದರೆ ಇಪ್ಪತ್ತು ಹೆಜ್ಜೆ ಮುಂದೆ ಕಾಣದು, ಎಲ್ಲ ಗುಡ್ಡೆಯೂ ಒಂದೇ ಥರ. ಮೊಬೈಲಿನ ನಕ್ಷೆ ಅಗಲವಾದ ಗೆರೆ ತೋರಿಸಿದ್ದು ಎಷ್ಟೋ ಸಲ ಬೇಲಿ ಹಾಕಿದ ಖಾಸಗಿ ತೋಟದ ದಾರಿಯಾಗಿರುತ್ತದೆ. ಮತ್ತೊಂದು, ಯಾವುದು ಖಾಸಗಿ, ಯಾವುದು ಅರಣ್ಯ, ಎಲ್ಲಿಂದ ಕರ್ನಾಟಕ ಎಂಬುದು ನೆಲದ ಮೇಲೆ ತಿಳಿಯುವುದಿಲ್ಲ. ಆದ್ದರಿಂದ ಕೊನ್ನಕ್ಕಾಡಿನಲ್ಲಿ ಊರಿನ ಒಬ್ಬರನ್ನು ಜತೆಗೆ ಕರೆದುಕೊಳ್ಳದೆ ಹೊರಡಬೇಡಿ. ಜೀಪಿನ ಚಾಲಕರನ್ನು “ಚೇಟ್ಟಾ, ವಳಿ ಅರಿಯುನ್ನ ಆಳ್ ಉಂಡೋ?” ಎಂದು ಕೇಳಿದರೆ ದಾರಿ ಬಲ್ಲವರನ್ನು ತೋರಿಸುತ್ತಾರೆ. ಹೊರಡುವ ಮೊದಲೇ ಮೂರು ವಿಷಯ ಮಾತಾಡಿಕೊಳ್ಳಿ: ಹೋಗಿ ಬರುವ ಜೀಪಿಗೆ ಎಷ್ಟು, ಕಾಯುವ ಹೊತ್ತು ಎಷ್ಟು, ವಾಪಸು ಕೊನ್ನಕ್ಕಾಡಿನ ಬಸ್ಸು ಎಷ್ಟಕ್ಕೆ. ಮೂರನೆಯದನ್ನು ಕೇಳಲು ಮರೆತವರು ಕಾಞಂಗಾಡಿನ ತನಕ ಜೀಪಿನ ಬಾಡಿಗೆ ತೆತ್ತು ಬರುತ್ತಾರೆ.

ಮೇಲಿನ ತನಕ ನಡೆದೇ ಹೋಗುವ ಉಮೇದಿದ್ದರೆ ಇಡೀ ದಿನ ಇಟ್ಟುಕೊಳ್ಳಿ, ಮತ್ತು ಏರುವಾಗ ಜೀಪು ಹಿಡಿದು ಇಳಿಯುವಾಗ ನಡೆಯುವ ಯೋಚನೆ ಮಾಡಬೇಡಿ. ಹಾಗೆ ಮಾಡುವವರು ಬಹಳ. ದಣಿವು ಕಡಿಮೆ ಎಂದು ತೋರಿದರೂ ಸತತ ಇಳಿಜಾರಿನ ಜಲ್ಲಿದಾರಿ ಮೊಣಕಾಲನ್ನು ಹಿಂಡುತ್ತದೆ, ಹೆಬ್ಬೆರಳ ಉಗುರು ಶೂವಿಗೆ ಒತ್ತಿ ಕಪ್ಪಾಗುತ್ತದೆ. ಸರಿಯಾದ್ದು ತಿರುಗುಮುರುಗು: ಬೆಳಗಿನ ತಂಪಿನಲ್ಲಿ ನಡೆದು ಏರಿ, ಇಳಿಯಲು ಜೀಪು ಹೇಳಿಟ್ಟಿರಿ.

ಅನಂತಪುರದ ಪದವು

ಮಕ್ಕಳು, ವಯಸ್ಸಾದ ಅತ್ತೆ-ಮಾವ ಜತೆಗಿದ್ದು, ಸಂಜೆ ಎರಡು ಗಂಟೆಯಷ್ಟೇ ಬಿಡುವಿದ್ದರೆ ಇದು. ಕುಂಬಳೆಯ ಹತ್ತಿರ, ಮುರಕಲ್ಲಿನ ನಡುವೆ ಕೆರೆ, ಕೆರೆಯ ನಡುವೆ ದೇವಸ್ಥಾನ. ಸುತ್ತಿನ ಪದವಿನ ಒಂದು ಪಾಲು ಕೈಗಾರಿಕೆಗೆ ಹೋಗಿದೆ, ಉಳಿದದ್ದರಲ್ಲಿ ಹುಲ್ಲು, ಕೇಪಳ, ಕುಂಟಾಲದ ಗಿಡಗಳು. ಚಾರಣ ಎಂದು ಕರೆಯುವಂಥದ್ದಲ್ಲ. ಮುರಕಲ್ಲಿನ ಮೇಲೆ ನಡೆಯುವ ಅಭ್ಯಾಸಕ್ಕೆ, ಹೊಸ ಶೂ ಕಾಲಿಗೆ ಒಗ್ಗಿಸಲು ಒಳ್ಳೆಯ ಜಾಗ.

ಹಾಗಾದರೆ ಯಾವುದು?

ಜೂನ್‌ನಿಂದ ಆಗಸ್ಟ್ ತನಕ ಈ ಪ್ರಶ್ನೆಯನ್ನು ಹವಾಮಾನ ಇಲಾಖೆಯ ಮುನ್ನೆಚ್ಚರಿಕೆಯ ಬಣ್ಣಕ್ಕೆ ಬಿಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಕಿತ್ತಳೆ, ಕೆಂಪು ಮುನ್ನೆಚ್ಚರಿಕೆ ಇರುವ ದಿನ ರಾಣಿಪುರದಂಥ ಕಡೆ ಸಾಮಾನ್ಯವಾಗಿ ಒಳಗೇ ಬಿಡುವುದಿಲ್ಲ, ಬಿಟ್ಟರೂ ಹೋಗಬಾರದು. ಮೂರು ದಿನ ಬಿಡದೆ ಸುರಿದು ನಾಲ್ಕನೇ ದಿನ ಬಿಸಿಲು ಬಂತೆಂದು ಹೊರಡುವುದೂ ತಪ್ಪು, ಏಕೆಂದರೆ ನೀರು ಕುಡಿದ ಗುಡ್ಡೆ ಮಳೆ ನಿಂತ ಮೇಲೂ ಜರಿಯಬಹುದು. ತೋಡಿನ ನೀರು ಇದ್ದಕ್ಕಿದ್ದಂತೆ ಕದಡಿ ಕೆಂಪಾದರೆ, ಅಥವಾ ಮಳೆಯ ನಡುವೆಯೂ ಹರಿವು ತಟ್ಟನೆ ಕಡಿಮೆಯಾದರೆ, ಮೇಲೆಲ್ಲೋ ಮಣ್ಣು ಕುಸಿದಿದೆ ಎಂದು ತಿಳಿದು ತೋಡಿನ ಪಾತ್ರ ಬಿಟ್ಟು ಬದಿಯ ಎತ್ತರಕ್ಕೆ ಸರಿಯಿರಿ. ಮಲಯಾಳದಲ್ಲಿ ‘ಉರುಳ್‌ಪೊಟ್ಟಲ್’ ಎಂದು ಯಾರಾದರೂ ಕೂಗಿದರೆ ಅರ್ಥ ಅದೇ.

ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಪೊಸಡಿಗುಂಪೆ, ಬೆಳಗಿನ ಹೊತ್ತು. ನವೆಂಬರಿನಿಂದ ಜನವರಿಯ ತನಕ ರಾಣಿಪುರ, ಸಾಧ್ಯವಾದರೆ ವಾರದ ನಡುವೆ. ಭಾನುವಾರ ಕಾಡಿನ ಸದ್ದಿಗಿಂತ ಜನರ ಸದ್ದೇ ಹೆಚ್ಚು. ಅದೇ ತಿಂಗಳುಗಳಲ್ಲಿ, ರಾಣಿಪುರ ಒಂದೆರಡು ಸಲ ಹತ್ತಿ ಇಳಿದು ಕಾಲಿಗೆ ಗುಟ್ಟು ಗೊತ್ತಾದವರು, ಗೊತ್ತಿದ್ದವರೊಂದಿಗೆ ಕೊಟ್ಟಂಚೇರಿ. ಫೆಬ್ರವರಿ-ಮಾರ್ಚಿನಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯದ ದಾರಿಗಳನ್ನು ಮುಚ್ಚುವುದುಂಟು, ಆಗ ಸಂಜೆಯ ಪದವು. ಒಣಹುಲ್ಲಿನಲ್ಲಿ ಬೀಡಿ-ಸಿಗರೇಟು, ಒಲೆ ಯಾವುದೂ ಬೇಡ.

ಇಬ್ಬರು ಹೋಗುವುದಕ್ಕಿಂತ ನಾಲ್ವರು ಹೋಗುವುದು ಲೇಸು: ಒಬ್ಬರ ಕಾಲು ಹೊರಳಿದರೆ ಒಬ್ಬರು ಜತೆಗೆ ಕೂರಲು, ಇಬ್ಬರು ಸಹಾಯ ತರಲು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ಕೋಲು ಕಟ್ಟಿ ಹೊತ್ತು ಇಳಿಸಿ, 112ಕ್ಕೆ ಕರೆ ಮಾಡಿ. ಸಾಧ್ಯವಾದರೆ ದೂರದಿಂದ ಹಾವಿನ ಫೋಟೋ ತೆಗೆಯಿರಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಘಟ್ಟದ ಗುಳಿಮಂಡಲಗಳಿಗೆ (ಪಿಟ್ ವೈಪರ್) ಅದು ನಾಟುವುದಿಲ್ಲ, ಯಾವುದು ಕಚ್ಚಿತೆಂದು ಗೊತ್ತಾದರೆ ವೈದ್ಯರಿಗೆ ಅನುಕೂಲ. ಗುಳಿಮಂಡಲ ಮಳೆಗಾಲದಲ್ಲಿ ಕೈಯೆತ್ತರದ ಪೊದೆಯಲ್ಲೂ ಸುರುಳಿ ಸುತ್ತಿ ಕೂತಿರುತ್ತದೆ. ಏರುವಾಗ ಆಧಾರಕ್ಕೆಂದು ಕೊಂಬೆ ಹಿಡಿಯುವ ಮೊದಲು ಒಮ್ಮೆ ಕಣ್ಣು ಹಾಯಿಸಿ.